ನಾಲ್ಕು ಮೈಕ್ರಾನ್

ಬಳ್ಳಾರಿಯ ಮೇ ತಿಂಗಳಲ್ಲಿ ಮೇಣ ಮಾತು ಕೇಳುವುದಿಲ್ಲ,
ಬ್ಲೇಡು ತಾಗುವ ಮೊದಲೇ ಮೆತ್ತಗಾಗಿ ಮುದುರುತ್ತದೆ.
ಕೌಲ್ ಬಜಾರಿನ ಐಸ್ ಫ್ಯಾಕ್ಟರಿಯಿಂದ
ಗೋಣಿತಟ್ಟಿನಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ
ಗಡ್ಡೆ ತರುತ್ತಿದ್ದೆ. ಅದರ ಮೇಲೆ ಬ್ಲಾಕನ್ನು ಬೋರಲು ಹಾಕಿ
ಹತ್ತು ನಿಮಿಷ ಕಾದು, ಆಮೇಲೆ ಕೊಯ್ತ.
ನಾಲ್ಕು ಮೈಕ್ರಾನ್. ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ.
ಉಸಿರು ಬಿಟ್ಟರೆ ಹಾರಿಹೋಗುತ್ತದೆ
ಯಾವಳೋ ಹೆಂಗಸಿನ ಗರ್ಭಕೊರಳಿನ ಚೂರು.

"ಪೆನ್ನಪ್ಪ, ಉಸಿರು ಹಿಡಿ" ಎನ್ನುತ್ತಿದ್ದರು
ಡಾಕ್ಟರ್ ಹೊನ್ನೂರಮ್ಮ.
ಮೂವತ್ತೊಂದು ವರ್ಷ ಉಸಿರು ಹಿಡಿದೇ ಸಂಬಳ ತಗೊಂಡೆ.

ಅವರು ಯಾರ ನಾಡಿಯನ್ನೂ ಹಿಡಿದವರಲ್ಲ.
ಸಂತೆಯಲ್ಲಿ ಜನ ಹಲ್ಲುನೋವಿಗೆ ಗುಳಿಗೆ ಕೇಳಿದರೆ
"ನಾನು ಆ ಡಾಕ್ಟರಲ್ಲವೇ" ಎಂದು ನಾಚುತ್ತಿದ್ದರು.
ಅವರದು ಒಂದೇ ವೈರಸ್ಸು. ನನಗೆ ಹೇಳಿಕೊಟ್ಟದ್ದು ಹೀಗೆ:
ಬಾಡಿಗೆಗೆ ಬಂದವನು, ಗದ್ದಲವಿಲ್ಲ, ಜ್ವರವಿಲ್ಲ,
ಕಾವಲುನಾಯಿಗೆ ದಿನಾ ಒಂದು ಚೂರು ರೊಟ್ಟಿ ಹಾಕಿ
ಪಳಗಿಸುತ್ತಾನೆ. ಹದಿನೈದು ವರ್ಷ.
ಆಮೇಲೆ ನೋಡಿದರೆ ಮನೆ ಅವನ ಹೆಸರಿನಲ್ಲಿರುತ್ತದೆ.

ಎಲ್ಲರೂ ಅದು ಯಾಕೆ ಬಂತು ಎಂದು ಬರೆದರು.
ಹೊನ್ನೂರಮ್ಮ ಅದು ಯಾಕೆ ಹೋಯಿತು ಎಂದು ಕೇಳಿದರು.

ಕೇಳಿಸಿದ್ದು ತೊಂಬತ್ತೇಳರ ಒಂದು ಗಾಜು, ನಂಬರು ೨೧೪.
ಸುಂಕಮ್ಮ, ಜೀನ್ಸ್ ಹೊಲಿಯುವಾಕೆ.
ಕೋಶದ ಬೀಜ ಊದಿ, ಸುತ್ತಲೂ ಬೆಳ್ಳನೆಯ ಬಳೆ.
ಆಪರೇಷನ್ನಿಗೆ ದಿನ ಗೊತ್ತಾಯಿತು, ಆಕೆ ಬರಲಿಲ್ಲ.
ಸೀಜನ್ನು. ಒಂದು ಪ್ಯಾಂಟಿಗೆ ಮೂರು ರೂಪಾಯಿ.
ಮೂರು ವರ್ಷ ಬಿಟ್ಟು ಬೇರೆ ಯಾವುದಕ್ಕೋ ಬಂದಾಗ
ಗಾಜು ಸ್ವಚ್ಛ.
ಪೆಟ್ಟಿಗೆ ತಪ್ಪಿತೆಂದು ನಾನು ನಂಬರು ಮತ್ತೆ ಮತ್ತೆ ನೋಡಿದೆ.
ಹಳೆಯ ಬ್ಲಾಕನ್ನೇ ಇನ್ನೊಮ್ಮೆ ಕೊಯ್ಯಿಸಿದರು.
ಅಂಚಿನಲ್ಲಿ, ಯಾರೂ ನೋಡದ ಮೂಲೆಯಲ್ಲಿ,
ದುಂಡನೆಯ ಸಣ್ಣ ನೀಲಿ ಕಣಗಳು, ಸಾಸಿವೆ ಚೆಲ್ಲಿದ ಹಾಗೆ.
ಬಿಳಿರಕ್ತದವು. ಆಗಲೇ ಬಂದು ನಿಂತಿದ್ದವು.
ಆ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ.

ಆಮೇಲಿನದೆಲ್ಲ ಎಣಿಕೆ. ಸಿರುಗುಪ್ಪ, ಕುರುಗೋಡು, ಮೋಕಾ,
ಎರಡು ಸಾವಿರದ ಆರುನೂರು ಬ್ಲಾಕು,
ಯಾವ ಅಂಚಿನಲ್ಲಿ ಎಷ್ಟು ಸಾಸಿವೆ.
ಹೊರಗೆ ನಲವತ್ತಮೂರು ಡಿಗ್ರಿ,
ಫ್ರೀಜರಿನೊಳಗೆ ಸೊನ್ನೆಯಿಂದ ಎಂಬತ್ತು ಕೆಳಗೆ,
ನಡುವೆ ಒಂದು ಮುದಿ ಜನರೇಟರು.
ಅದು ಕೆಟ್ಟ ರಾತ್ರಿ ಏಳು ವರ್ಷದ ರಕ್ತ ನೀರಾಯಿತು.
ಬೆಳಿಗ್ಗೆ ಹೊನ್ನೂರಮ್ಮ ಒಂದೊಂದೇ ಟ್ಯೂಬು ಒರೆಸಿ,
ಹೆಸರು ಓದಿ, ಬುಟ್ಟಿಗೆ ಹಾಕಿದರು.
ನಾನು ಪಟ್ಟಿಯಲ್ಲಿ ಗೆರೆ ಹೊಡೆದೆ.
ಹೊರದೇಶದ ಪತ್ರಿಕೆಯ ಕಾಗದ ಬಂತು: ನಿಮ್ಮ ಸಂಖ್ಯೆ ಸಣ್ಣದು.
ಮಡಚಿ, ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟರು.

ಹೋದ ವರ್ಷ ಸುಂಕಮ್ಮ ಸಿಕ್ಕಳು.
ಈಗ ಆಕೆಯದೇ ನಾಲ್ಕು ಮಷಿನ್ನು, ದಪ್ಪ ಕನ್ನಡಕ.
"ಒಂದು ಚಮಚ ರಕ್ತ ಬೇಕಿತ್ತಮ್ಮ.
ನಿನ್ನ ಮೈಯಾಗ ದೊಡ್ಡ ಜಗಳ ಆಗಿತ್ತು, ನೀನು ಗೆದ್ದಿ."
ಆಕೆ ನಕ್ಕಳು. "ನಾ ಯಾವ ಜಗಳಾನೂ ಗೆದ್ದಿಲ್ಲ ಮೇಡಮ್ಮ.
ಗಂಡನ ಕೂಡ, ಮಾಲಕನ ಕೂಡ, ಎಲ್ಲಾ ಸೋತಿದ್ದೇ."
ತೋಳು ಚಾಚಿದಳು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ.
ಸೂಜಿ ಹೋಗುವಾಗ ಮುಖ ತಿರುಗಿಸಲಿಲ್ಲ,
ಸೂಜಿ ಆಕೆಗೆ ಹೊಸದೇ?

ಮೊನ್ನೆ ಹೊನ್ನೂರಮ್ಮನ ನಿವೃತ್ತಿ. ಶಾಲು, ಹಾರ, ಉಪ್ಪಿಟ್ಟು.
ಯಾರೋ "ಕ್ಯಾನ್ಸರ್ ಗೆದ್ದವರು" ಎಂದದ್ದಕ್ಕೆ
ಕೂತಲ್ಲಿಂದಲೇ ಬೇಡ ಬೇಡ ಎಂದು ಕೈಯಾಡಿಸಿದರು.
ಅರ್ಧ ಉತ್ತರ ಸಿಕ್ಕಿದೆ, ಇನ್ನರ್ಧ ಬೇರೆ ಯಾರದೋ ನೌಕರಿ.
ಕಾರಿಡಾರಿನಲ್ಲಿ ಲಸಿಕೆಗೆ ಬಂದ ಶಾಲೆಯ ಹುಡುಗಿಯರು
ತೋಳು ಉಜ್ಜಿಕೊಳ್ಳುತ್ತ ಶೇಂಗಾ ಚಿಕ್ಕಿ ಕಡಿಯುತ್ತಿದ್ದರು.
ಅವರ ಮೈಗೆ ಇವತ್ತು ಒಂದು ಮುಖದ ಗುರುತು ಹೇಳಿಕೊಟ್ಟಿದೆ.

ಸಂಜೆ ಬೀಗದ ಕೈ ಕೊಟ್ಟು ಅವರು ಹೋದ ಮೇಲೆ
೨೧೪ನ್ನು ಹೊರತೆಗೆದೆ.
ಕೊಯ್ದು ಕೊಯ್ದು, ಇನ್ನೊಂದೆರಡು ಕೊಯ್ತಕ್ಕಷ್ಟೇ ಉಳಿದಿದೆ.
ಗಡ್ಡೆ ಆಗಲೇ ಕರಗುತ್ತಿತ್ತು.
ಮುಖಕ್ಕೆ ಮೇಣ ಹಚ್ಚಿ ವಾಪಸ್ ಇಟ್ಟೆ.
ಸೋಮವಾರ ಹೊಸಬರು ಬರುತ್ತಾರಂತೆ.
ಅವರು ಕೇಳಿದರೆ ನೋಡೋಣ. ಮೊದಲು ಐಸು ತರಬೇಕು.